ಸರ್ ಹೆನ್ರಿ ಬರ್ಕಿನ್

ಸರ್ ಹೆನ್ರಿ ರಾಲ್ಫ್ ಸ್ಟ್ಯಾನ್ಲಿ ಬರ್ಕಿನ್ (ಜುಲೈ 26, 1896 – ಜೂನ್ 22, 1933) ಇಂಗ್ಲೆಂಡಿನ ಸುಪ್ರಸಿದ್ಧ ಮೋಟಾರು ಪಂದ್ಯಗಾರರು. ಟಿಮ್ ಬರ್ಕಿನ್ ಎಂಬ ಹೆಸರಿನಿಂದ ಹೆಚ್ಚು ಪರಿಚಿತರು. ಸೂಪರ್‌ಚಾರ್ಜರ್ ಅಳವಡಿಸಿದ ಬ್ಲೋವರ್ ಬೆಂಟ್ಲಿ ಕಾರುಗಳ ನಿರ್ಮಾಣಕ್ಕೆ ಕಾರಣರಾದವರು ಇವರೇ.

ಆರಂಭಿಕ ಜೀವನ

ಬರ್ಕಿನ್ ಅವರು ನಾಟಿಂಗ್‌ಹ್ಯಾಮ್‌ನಲ್ಲಿ ಲೇಸ್ ಉದ್ಯಮದಿಂದ ಸಿರಿವಂತರಾದ ಮನೆತನದಲ್ಲಿ ಜನಿಸಿದರು. ಮಕ್ಕಳ ಚಿತ್ರಕಥೆಯ ಟೈಗರ್ ಟಿಮ್ ಎಂಬ ಪಾತ್ರದಿಂದ ಅವರಿಗೆ ಟಿಮ್ ಎಂಬ ಅಡ್ಡಹೆಸರು ಬಂದಿತು. ಮೊದಲ ಮಹಾಯುದ್ಧದಲ್ಲಿ ರಾಯಲ್ ಫ್ಲೈಯಿಂಗ್ ಕೋರ್ ಸೇರಿ ಪ್ಯಾಲೆಸ್ತೀನಿನಲ್ಲಿ ಸೇವೆ ಸಲ್ಲಿಸುವಾಗ ತಗುಲಿದ ಮಲೇರಿಯಾ ಅವರನ್ನು ಕೊನೆಯವರೆಗೂ ಬಿಡಲಿಲ್ಲ. 1921ರಲ್ಲಿ ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ ಸ್ಪರ್ಧಿಸಿದರಾದರೂ ವ್ಯಾಪಾರದ ಒತ್ತಡದಿಂದ ಪಂದ್ಯಗಳನ್ನು ತೊರೆದು, 1927ರಲ್ಲಿ ಮರಳಿದರು. ಅದೇ ವರ್ಷ ತಮ್ಮನಾದ ಆರ್ಚೀ ಐಲ್ ಆಫ್ ಮ್ಯಾನ್‌ನ ಮೋಟಾರ್‌ಸೈಕಲ್ ಪಂದ್ಯದ ಅಭ್ಯಾಸದ ವೇಳೆ ಮೃತಪಟ್ಟರು.

ಬ್ಲೋವರ್ ಬೆಂಟ್ಲಿ

1929ರಲ್ಲಿ ವುಲ್ಫ್ ಬರ್ನಾಟೊ ಅವರ ಜೊತೆಗೂಡಿ, ಸೂಪರ್‌ಚಾರ್ಜರ್ ಇಲ್ಲದ ಸ್ಪೀಡ್ ಸಿಕ್ಸ್ ಕಾರಿನಲ್ಲಿ, ಬರ್ಕಿನ್ ಲಮಾನ್ ಪಟ್ಟಣದ 24 ಗಂಟೆಗಳ ಪಂದ್ಯವನ್ನು ಗೆದ್ದರು. ಆದರೆ ಅವರ ಮನಸ್ಸು ಬೇರೊಂದು ಕಾರಿನಲ್ಲಿ ನೆಟ್ಟಿತ್ತು. ಸೂಪರ್‌ಚಾರ್ಜರ್ ಎಂದರೆ ಎಂಜಿನ್‌ನೊಳಕ್ಕೆ ಇಂಧನ ಬೆರೆತ ಗಾಳಿಯನ್ನು ಒತ್ತಡದಿಂದ ತುಂಬುವ ಯಂತ್ರ. ಅದರಿಂದ ಎಂಜಿನ್‌ನ ಗಾತ್ರ ಹಿಗ್ಗಿಸದೆಯೇ ಶಕ್ತಿಯನ್ನು ಹೆಚ್ಚಿಸಬಹುದು. ಕಂಪನಿಯ ಸ್ಥಾಪಕರಾದ ಡಬ್ಲ್ಯು. ಓ. ಬೆಂಟ್ಲಿ ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. ಶಕ್ತಿ ಬೇಕಾದರೆ ದೊಡ್ಡ ಎಂಜಿನ್ ಕಟ್ಟಬೇಕೆಂಬುದು ಅವರ ನಿಲುವು. ಬರ್ಕಿನ್ ಹಿಂಜರಿಯದೆ, ಶ್ರೀಮಂತೆ ಡೊರೊತಿ ಪ್ಯಾಜೆಟ್ ಅವರ ಹಣದ ನೆರವಿನಿಂದ ವೆಲ್ವಿನ್‌ನಲ್ಲಿ ಸ್ವಂತ ಕಾರ್ಯಾಗಾರ ತೆರೆದರು. ಆಮ್ಹರ್ಸ್ಟ್ ವಿಲಿಯರ್ಸ್ ರೂಪಿಸಿದ ಸೂಪರ್‌ಚಾರ್ಜರನ್ನು ನಾಲ್ಕೂವರೆ ಲೀಟರಿನ ಬೆಂಟ್ಲಿಯ ರೇಡಿಯೇಟರಿನ ಮುಂದೆ ಜೋಡಿಸಲಾಯಿತು. ಲಮಾನ್ ಪಂದ್ಯದ ನಿಯಮಕ್ಕಾಗಿ ಕಂಪನಿಯೂ ಇಂತಹ 50 ಕಾರುಗಳನ್ನು ಮಾರಾಟಕ್ಕೆ ತಯಾರಿಸಬೇಕಾಯಿತು.

ಕಾರಿನ ವೇಗ ಅದ್ಭುತವಾಗಿತ್ತು, ಬಾಳಿಕೆ ಮಾತ್ರ ಸಾಲದಾಯಿತು. 1930ರ ಲಮಾನ್‌ನಲ್ಲಿ ಬರ್ಕಿನ್ ಕಾರನ್ನು ಹುಲ್ಲಿನ ಅಂಚಿಗೆ ಹಾಯಿಸಿ ಕರಾಚಿಯೋಲ ಅವರ ಮರ್ಸಿಡಿಸನ್ನು ಹಿಂದಿಕ್ಕಿದರು, ಟೈರು ಸೀಳಿದರೂ ಬೆನ್ನಟ್ಟಿದರು. ಕೊನೆಗೆ ಮರ್ಸಿಡಿಸ್ ಕೆಟ್ಟು ನಿಂತಿತು, ಬ್ಲೋವರ್‌ಗಳೂ ಕೆಟ್ಟು ನಿಂತವು. ಗೆದ್ದದ್ದು ಸ್ಪೀಡ್ ಸಿಕ್ಸ್. ಆ ವರ್ಷ ಪೋ ನಗರದಲ್ಲಿ ನಡೆದ ಫ್ರೆಂಚ್ ಗ್ರಾಂಡ್ ಪ್ರಿಯಲ್ಲಿ ಹಗುರವಾದ ಬುಗಾಟಿಗಳ ನಡುವೆ ಈ ಭಾರಿ ಕಾರನ್ನು ಎರಡನೇ ಸ್ಥಾನಕ್ಕೆ ತಂದದ್ದು ಬ್ಲೋವರ್‌ನ ಅತ್ಯುತ್ತಮ ಸಾಧನೆ ಎನ್ನಬಹುದು. ಪ್ರಮುಖ ಪಂದ್ಯವೊಂದನ್ನೂ ಅದು ಗೆಲ್ಲಲಿಲ್ಲ. ಪ್ಯಾಜೆಟ್ ತಂಡಕ್ಕೆ ಕೊಡುತ್ತಿದ್ದ ನೆರವನ್ನು ನಿಲ್ಲಿಸಿ, ಒಬ್ಬರೇ ಕೂರುವ ಏಕಾಸನ ಕಾರನ್ನು ಮಾತ್ರ ಉಳಿಸಿಕೊಂಡರು. 1932ರ ಮಾರ್ಚ್ 24ರಂದು ಅದೇ ಕಾರಿನಲ್ಲಿ ಬರ್ಕಿನ್ ಗಂಟೆಗೆ 137.96 ಮೈಲಿ (ಸುಮಾರು 222 ಕಿ.ಮೀ.) ವೇಗದಲ್ಲಿ ಬ್ರೂಕ್‌ಲ್ಯಾಂಡ್ಸ್‌ನ ಸುತ್ತಿನ ದಾಖಲೆ ಸ್ಥಾಪಿಸಿದರು.

ಕೊನೆಯ ದಿನಗಳು

1931ರಲ್ಲಿ ಅರ್ಲ್ ಹೌ ಅವರೊಂದಿಗೆ ಇಟಲಿಯ ಆಲ್ಫಾ ರೋಮಿಯೊದಲ್ಲಿ ಬರ್ಕಿನ್ ಮತ್ತೆ ಲಮಾನ್ ಗೆದ್ದರು. ಬ್ರಿಟಿಷ್ ಕಾರಿನ ಹಿರಿಮೆಗಾಗಿ ಸಂಪತ್ತನ್ನು ಸುರಿದವರಿಗೆ ವಿದೇಶಿ ಕಾರಿನಿಂದ ಬಂದ ಗೆಲುವು ಇದು. 1933ರ ಮೇ ತಿಂಗಳಲ್ಲಿ ಟ್ರಿಪೋಲಿ ಗ್ರಾಂಡ್ ಪ್ರಿಯಲ್ಲಿ ಮಾಸೆರಾಟಿ ಓಡಿಸಿ ಮೂರನೆಯವರಾದಾಗ, ಬಿಸಿಯಾದ ಹೊಗೆಕೊಳವೆಗೆ ತಾಗಿ ತೋಳು ಸುಟ್ಟಿತು. ಗಾಯ ನಂಜಾಯಿತು, ಹಳೆಯ ಮಲೇರಿಯಾವೂ ಮರುಕಳಿಸಿತು. ಜೂನ್ 22ರಂದು ಲಂಡನ್ನಿನಲ್ಲಿ, 36ನೇ ವಯಸ್ಸಿನಲ್ಲಿ ನಿಧನರಾದರು. ನಾರ್ಫೋಕ್ ಪ್ರಾಂತ್ಯದ ಬ್ಲೇಕ್ನಿಯಲ್ಲಿ ಅವರ ಸಮಾಧಿಯಿದೆ.

ಏಕಾಸನ ಕಾರಿನ ಮುಂದಿನ ಇತಿಹಾಸ

ದಾಖಲೆಯ ಕಾರು ಪ್ಯಾಜೆಟ್ ಅವರಿಂದ ಪೀಟರ್ ರಾಬರ್ಟ್‌ಸನ್-ರಾಜರ್ ಅವರ ಕೈ ಸೇರಿತು. ರಸ್ತೆಯಲ್ಲಿ ಓಡಿಸಲೆಂದು ಅದಕ್ಕೆ ಎರಡು ಆಸನಗಳ ಮೈಕಟ್ಟು ತೊಡಿಸಲಾಯಿತು. ಮುಂದೆ ಮತ್ತೆ ಏಕಾಸನ ರೂಪಕ್ಕೆ ಮರಳಿತು. ಕೈಗಡಿಯಾರಗಳನ್ನು ಸ್ವಹಸ್ತದಿಂದ ನಿರ್ಮಿಸುತ್ತಿದ್ದ ಪ್ರಖ್ಯಾತ ಕುಶಲಕರ್ಮಿ ಜಾರ್ಜ್ ಡೇನಿಯಲ್ಸ್ 2011ರಲ್ಲಿ ತೀರಿಕೊಳ್ಳುವವರೆಗೂ ಇದರ ಒಡೆಯರಾಗಿದ್ದರು. 2012ರಲ್ಲಿ ಗುಡ್‌ವುಡ್‌ನಲ್ಲಿ ಬೊನ್‌ಹ್ಯಾಮ್ಸ್ ಸಂಸ್ಥೆ ನಡೆಸಿದ ಹರಾಜಿನಲ್ಲಿ ಕಾರು 50 ಲಕ್ಷ ಪೌಂಡಿಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು.