ಬರ್ತಾ ಬೆಂಜ್

ಬೇಸಿಗೆ ಮಧ್ಯಾಹ್ನ ನಮ್ಮ ಮಾವನ ಹಳೇ ಕಾರು ಸ್ಟಾರ್ಟೇ ಆಗಲ್ಲ. ಪೈಪಿನಲ್ಲೇ ಪೆಟ್ರೋಲು ಕಾದು ಆವಿಯಾಗುತ್ತೆ ಅಂತಾರೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಾರೆ. ಆಗ ನನಗೆ ಬರ್ತಾ ಬೆಂಜ್ ನೆನಪಾಗುತ್ತಾರೆ.

ಇವರು 1849ರಲ್ಲಿ ಜರ್ಮನಿಯಲ್ಲಿ ಹುಟ್ಟಿದರು. ಗಂಡ ಕಾರ್ಲ್ ಮಾಡಿದ ಮೋಟಾರು ಗಾಡಿಯನ್ನು ಜನ ನಂಬಿ ಕೊಳ್ಳಲಿಲ್ಲ. 1888ರ ಆಗಸ್ಟ್‌ನಲ್ಲಿ ಬರ್ತಾ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳ ಜೊತೆ ಅದರಲ್ಲೇ ಮನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ಹೊರಟುಬಿಟ್ಟರು. ಸುಮಾರು 100 ಕಿ.ಮೀ.! ಎಂಜಿನ್ ಕಾದು ನೀರು ಆವಿಯಾಗೋದು, ಸಿಕ್ಕಲ್ಲೆಲ್ಲ ತುಂಬಿಸಿದರು. ಇಂಧನದ ಪೈಪು ಕಟ್ಟಿಕೊಂಡಾಗ ಟೋಪಿಯ ಪಿನ್ನು ತೂರಿಸಿ ಬಿಡಿಸಿದರು. ಮೆಕ್ಯಾನಿಕ್ ಎಲ್ಲಿದ್ದ ಆಗ? ಇಂಧನವನ್ನು ಔಷಧಿ ಅಂಗಡಿಯಲ್ಲಿ ಕೊಂಡರು. ಏರಿನಲ್ಲಿ ಗಾಡಿ ತಳ್ಳಬೇಕಾಯಿತು. ಇದು ಗೊತ್ತಾದ ಮೇಲೆ ಕಾರ್ಲ್ ಏರು ಹತ್ತಲು ಇನ್ನೊಂದು ಗೇರು ಹಾಕಿದರು. ಬರ್ತಾ 1944ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು.