ಮಣ್ಣಿನ ಇಂಜಿನ್ ಮಾಡಿದ ಹುಡುಗ

ಮಕ್ಕಳೇ, ಮಣ್ಣೆತ್ತಿನ ಅಮಾವಾಸ್ಯೆಗೆ ನೀವು ಮಣ್ಣಿನ ಎತ್ತು ಮಾಡುತ್ತೀರಲ್ಲವೇ? ಜೋಳದ ದಂಟು ಸಿಕ್ಕರೆ ಬಂಡಿಯನ್ನೂ ಕಟ್ಟುತ್ತೀರಿ. ಇಂಗ್ಲೆಂಡಿನಲ್ಲಿ ದನ ಕಾಯುವ ಹುಡುಗನೊಬ್ಬ ಮಣ್ಣಿನಿಂದ ಇಂಜಿನ್ ಮಾಡಿ ಆಡುತ್ತಿದ್ದನು. ಟೊಳ್ಳು ಕಡ್ಡಿಗಳೇ ಅದರ ಹಬೆಯ ಕೊಳವೆಗಳು. ಅವನೇ ಜಾರ್ಜ್ ಸ್ಟೀಫನ್‌ಸನ್.

ಅವನು ಹುಟ್ಟಿದ್ದು 1781ರ ಜೂನ್ 9ರಂದು, ವೈಲಮ್ ಎಂಬ ಹಳ್ಳಿಯಲ್ಲಿ. ತಂದೆ ಕಲ್ಲಿದ್ದಲು ಗಣಿಯಲ್ಲಿ ನೀರೆತ್ತುವ ಇಂಜಿನ್ನಿಗೆ ಬೆಂಕಿ ಹಾಕುತ್ತಿದ್ದನು. ಮಗನನ್ನು ಶಾಲೆಗೆ ಕಳಿಸುವ ಶಕ್ತಿ ಅವನಿಗಿರಲಿಲ್ಲ. ಜಾರ್ಜನೂ ಗಣಿಯ ಕೆಲಸಕ್ಕೆ ಸೇರಿದನು. ಶನಿವಾರ ಕೆಲಸ ಮುಗಿದ ಮೇಲೆ ಇಂಜಿನ್ ಬಿಚ್ಚಿ, ಭಾಗಗಳನ್ನು ಒರೆಸಿ, ಮತ್ತೆ ಜೋಡಿಸುತ್ತಿದ್ದನು. ಆದರೆ ಅವನಿಗೆ ಓದಲು ಬಾರದು! ಹದಿನೆಂಟನೆಯ ವಯಸ್ಸಿನಲ್ಲಿ ರಾತ್ರಿಶಾಲೆಗೆ ಹೋಗಿ ಅಕ್ಷರ ಕಲಿತನು.

ಮುಂದೆ ಕಷ್ಟದ ದಿನಗಳು ಬಂದವು. 1806ರಲ್ಲಿ ಹೆಂಡತಿ ತೀರಿಕೊಂಡಳು. ಮಗ ರಾಬರ್ಟ್ ಇನ್ನೂ ಮಗು. ತಂದೆಯು ಇಂಜಿನ್ ರಿಪೇರಿ ಮಾಡುತ್ತಿದ್ದಾಗ ಬಿಸಿ ಹಬೆ ನುಗ್ಗಿ ಎರಡೂ ಕಣ್ಣು ಹೋದವು. ಜಾರ್ಜ್ ಗಡಿಯಾರ, ಚಪ್ಪಲಿಗಳನ್ನು ರಿಪೇರಿ ಮಾಡಿ ಸಂಸಾರ ಸಾಗಿಸಿದನು. ಮಗನನ್ನು ಮಾತ್ರ ಶಾಲೆಗೆ ಕಳಿಸಿದನು. ಸಂಜೆ ಮಗ ತಂದ ಪಾಠವನ್ನು ತಾನೂ ಕಲಿಯುತ್ತಿದ್ದನು.

1811ರಲ್ಲಿ ಒಂದು ಗಣಿಯಲ್ಲಿ ನೀರು ತುಂಬಿತ್ತು. ಅಲ್ಲಿನ ಇಂಜಿನ್ ಸರಿಯಾಗಿ ನೀರೆತ್ತುತ್ತಿರಲಿಲ್ಲ. ಜಾರ್ಜ್ ಅದನ್ನು ಬಿಚ್ಚಿ, ಕೆಲವು ಭಾಗಗಳನ್ನು ಬದಲಿಸಿದನು. ಕೆಲವೇ ದಿನಗಳಲ್ಲಿ ಗಣಿ ಬರಿದಾಯಿತು! 1814ರಲ್ಲಿ ಹಳಿಯ ಮೇಲೆ ಓಡುವ ಇಂಜಿನ್ನನ್ನೇ ಕಟ್ಟಿದನು. ಅದು 30 ಟನ್ ಭಾರ ಎಳೆಯಿತು. ಆದರೆ ವೇಗ ಗಂಟೆಗೆ ಸುಮಾರು 6 ಕಿಲೋಮೀಟರ್ ಮಾತ್ರ.

ರಾಯದುರ್ಗದಲ್ಲೋ ಹಿಂದೂಪುರದಲ್ಲೋ ನೀವು ನೋಡುವ ರೈಲುಗಳು ಡೀಸೆಲ್ ಇಲ್ಲವೇ ವಿದ್ಯುತ್ತಿನಿಂದ ಓಡುತ್ತವೆ. ಆಗ ಓಡಿಸುತ್ತಿದ್ದುದು ಹಬೆ. ಬಾಯ್ಲರಿನಲ್ಲಿ ಬೇಗ ಹಬೆ ಏಳದಿದ್ದರೆ ವೇಗವೆಲ್ಲಿಂದ ಬರಬೇಕು? ಸ್ನಾನದ ನೀರು ಕಾಯಿಸುವ ತಾಮ್ರದ ಬಾಯ್ಲರನ್ನು ನೋಡಿದ್ದೀರಾ? ನಡುವೆ ಬೆಂಕಿಯ ಒಂದು ಕೊಳವೆ, ಸುತ್ತಲೂ ನೀರು. ಹಳೆಯ ರೈಲು ಇಂಜಿನ್ನುಗಳಲ್ಲಿಯೂ ಹೆಚ್ಚಾಗಿ ಹೀಗೆಯೇ ಒಂದು ದೊಡ್ಡ ಕೊಳವೆ ಇರುತ್ತಿತ್ತು. ಒಂದರ ಬದಲು ಹಲವು ಸಣ್ಣ ಕೊಳವೆಗಳಿರಲಿ ಎಂದು ಹೆನ್ರಿ ಬೂತ್ ಎಂಬ ಗೆಳೆಯ ಸಲಹೆ ಕೊಟ್ಟನು. ಇಂಜಿನಿಯರ್ ಆಗಿದ್ದ ಮಗ ರಾಬರ್ಟ್ 25 ತಾಮ್ರದ ಕೊಳವೆಗಳನ್ನು ನೀರಿನ ನಡುವೆ ಕೂರಿಸಿದನು. ಬೆಂಕಿಯ ಬಿಸಿ ಹೆಚ್ಚು ಜಾಗದಲ್ಲಿ ನೀರಿಗೆ ತಗುಲಿತು. ಹಬೆ ಬೇಗ ಎದ್ದಿತು. ಈ ಇಂಜಿನ್ನಿನ ಹೆಸರು ರಾಕೆಟ್.

1829ರ ಅಕ್ಟೋಬರಿನಲ್ಲಿ ರೈನ್‌ಹಿಲ್‌ನಲ್ಲಿ ಇಂಜಿನ್ನುಗಳ ಪಂದ್ಯ ನಡೆಯಿತು. ಬಹುಮಾನ 500 ಪೌಂಡ್. ಒಂದೊಂದೇ ಇಂಜಿನ್ ಕೆಟ್ಟು ನಿಂತಿತು. ಪಂದ್ಯ ಮುಗಿಸಿದ್ದು ರಾಕೆಟ್ ಒಂದೇ! ಒಮ್ಮೆ ಅದು ಗಂಟೆಗೆ ಸುಮಾರು 47 ಕಿಲೋಮೀಟರ್ ವೇಗದಲ್ಲಿ ಓಡಿತು. ಜನರು ಬೆರಗಾದರು.

ಜಾರ್ಜ್ ಸ್ಟೀಫನ್‌ಸನ್ 1848ರಲ್ಲಿ ತೀರಿಕೊಂಡನು. ಐದು ವರ್ಷಗಳ ನಂತರ, 1853ರ ಏಪ್ರಿಲ್ 16ರಂದು, ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಮುಂಬಯಿಯಿಂದ ಠಾಣೆಗೆ ಹೊರಟಿತು. ಅದನ್ನು ಎಳೆದದ್ದೂ ಹಬೆಯ ಇಂಜಿನ್ನುಗಳೇ.