ಜೀವವಿಜ್ಞಾನಿ ಹಾಲ್ಡೇನ್

ತಮ್ಮ ದೇಹವನ್ನೇ ಪ್ರಯೋಗಶಾಲೆಯಾಗಿಸಿಕೊಂಡ ವಿಜ್ಞಾನಿಗಳು ವಿರಳ. 1892ರಲ್ಲಿ ಆಕ್ಸ್‌ಫರ್ಡಿನಲ್ಲಿ ಜನಿಸಿದ ಜೆ. ಬಿ. ಎಸ್. ಹಾಲ್ಡೇನರು ಅಂಥವರಲ್ಲೊಬ್ಬರು. ರಕ್ತದಲ್ಲಿ ಆಮ್ಲತೆ ಹೆಚ್ಚಿದರೆ ಉಸಿರಾಟವು ಹೇಗೆ ಬದಲಾಗುವುದೆಂದು ಅರಿಯಲು ಅವರು ಅಮೋನಿಯಂ ಕ್ಲೋರೈಡನ್ನು ತಾವೇ ಕುಡಿದು ಏದುಸಿರು ಬಿಟ್ಟರು.

ಇಂಗ್ಲೆಂಡಿನ ಕೈಗಾರಿಕಾ ನಗರಗಳ ಸುತ್ತ, ಹೊಗೆಯಿಂದ ಮಸಿಹಿಡಿದ ಮರಗಳಲ್ಲಿ, ಬಿಳಿಯ ಪತಂಗಗಳಳಿದು ಕರಿಯವು ಹೆಚ್ಚಿದ್ದವು. ಈ ಮಾರ್ಪಾಟಿನ ವೇಗವನ್ನು 1924ರಲ್ಲಿ ಲೆಕ್ಕಹಾಕಿದ ಹಾಲ್ಡೇನರು, ಪರಿಸರದ ಆಯ್ಕೆಯು ಕೆಲವೇ ದಶಕಗಳಲ್ಲಿ ವಂಶಗುಣವನ್ನು ಬದಲಿಸಬಲ್ಲದೆಂದು ತೋರಿದರು.

1957ರಲ್ಲಿ ಅವರು ತಾಯ್ನಾಡನ್ನು ತೊರೆದು ಕಲಕತ್ತೆಗೆ ಬಂದರು. ಮುಂದೆ ಭಾರತದ ಪ್ರಜೆಯೇ ಆದರು. 1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ತೀರಿಕೊಂಡಾಗ, ಅವರ ಇಚ್ಛೆಯಂತೆ ದೇಹವು ವಿದ್ಯಾರ್ಥಿಗಳ ಅಧ್ಯಯನಕ್ಕೆಂದು ಕಾಕಿನಾಡದ ವೈದ್ಯಕೀಯ ಕಾಲೇಜಿಗೆ ಹೋಯಿತು.

ಊರು ಬಿಟ್ಟು ಬಂದವರು ನಾವೂ ಹೌದು. ಬಂದ ನೆಲದಿಂದ ಪಡೆದುದನ್ನು ಎಣಿಸುವ ನಾವು, ಅದಕ್ಕೆ ಕೊಟ್ಟುದನ್ನೂ ಒಮ್ಮೆ ಎಣಿಸಿ ನೋಡಬೇಕಾಗಿದೆ.